ಹಣೆಯ ಬಿಸಿಯನ್ನು ನಂಬಿದ ಕಾವಲು

ವೈರಸ್ ಮೈಹೊಕ್ಕಾಗ ಮೊದಲು ಎಚ್ಚರಗೊಳ್ಳುವುದು ಹುಟ್ಟಿನಿಂದಲೇ ಬಂದ ರಕ್ಷಣೆ. ಜೀವಕೋಶದ ಎಂಡಿಎ-5ರಂಥ ಕಾವಲು ಪ್ರೋಟೀನುಗಳು ವೈರಸ್ಸಿನ ಜೋಡಿ ಎಳೆಯ ಆರ್‌ಎನ್‌ಎಯನ್ನು ಗುರುತಿಸಿದರೆ ಇಂಟರ್‌ಫೆರಾನ್ ಹೊರಡುತ್ತದೆ. ಜ್ವರ, ಮೈಕೈನೋವು ಬಹುಮಟ್ಟಿಗೆ ಈ ರಕ್ಷಣೆಯದೇ ಕೂಗು. ಕೊರೊನಾ ಕಾಲದಲ್ಲಿ, 2020ರ ಜೂನ್ 8ರಿಂದ ದೇವಸ್ಥಾನ ತೆರೆಯಲು ಕೇಂದ್ರ ಸರ್ಕಾರ ಕೊಟ್ಟ ಮಾರ್ಗಸೂಚಿಯಲ್ಲಿ ಬಾಗಿಲಲ್ಲಿ ಥರ್ಮಲ್ ಸ್ಕ್ಯಾನಿಂಗ್ ಕಡ್ಡಾಯವಾಗಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಜನರ ಹಣೆಗೂ ಹಿಡಿದ ಆ ಥರ್ಮಲ್ 'ಗನ್ನು' ನೆಚ್ಚಿಕೊಂಡಿದ್ದು ಈ ಕೂಗನ್ನೇ.

ಕೊರೊನಾ ವೈರಸ್ ಈ ಕೂಗನ್ನು ಗಂಟಲಲ್ಲೇ ಅಡಗಿಸುತ್ತದೆ. ತನ್ನ ಆರ್‌ಎನ್‌ಎಯನ್ನು ಎರಡು ಪದರದ ಪೊರೆಯ ಗುಳ್ಳೆಗಳಲ್ಲಿ ಬಚ್ಚಿಟ್ಟು ನಕಲು ಮಾಡುತ್ತದೆ. ಅದರ ಎನ್‌ಎಸ್‌ಪಿ-16 ಪ್ರೋಟೀನು ಆರ್‌ಎನ್‌ಎಯ ತುದಿಗೆ ಮನುಷ್ಯರದೇ ಗುರುತು ಹಾಕುತ್ತದೆ. ಎನ್‌ಎಸ್‌ಪಿ-15 ಸುಳಿವು ಕೊಡಬಲ್ಲ ತುಣುಕುಗಳನ್ನು ಕತ್ತರಿಸುತ್ತದೆ. ಇಷ್ಟಾಗಿಯೂ ಕಾವಲುಗಾರ ಎಚ್ಚೆತ್ತರೆ ಎನ್‌ಎಸ್‌ಪಿ-1 ರೈಬೋಸೋಮಿಗೆ ಬಿರಡೆ ಹಾಕುತ್ತದೆ, ಹಾಗಾಗಿ ಇಂಟರ್‌ಫೆರಾನ್ ತಯಾರಾಗುವುದೇ ಕಷ್ಟ. ತಯಾರಾದದ್ದು ಪಕ್ಕದ ಸೋಂಕಿತ ಕೋಶ ತಲುಪಿದರೂ, ಓಆರ್‌ಎಫ್-6 ಅದರ ಸಂದೇಶವನ್ನು ಕೋಶಕೇಂದ್ರದ ಹೊಸ್ತಿಲಲ್ಲೇ ತಡೆಯುತ್ತದೆ.

ಹೀಗೆ ಗೆದ್ದ ಕಾಲಾವಕಾಶದಲ್ಲೇ ವೈರಸ್ ಮೂಗು ಗಂಟಲಲ್ಲಿ ಹೆಚ್ಚುತ್ತದೆ. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಇನ್ನೊಬ್ಬರಿಗೆ ಹರಡಬಲ್ಲದು. ಚೀನಾದ 1,099 ರೋಗಿಗಳ ಅಧ್ಯಯನವೊಂದರಲ್ಲಿ ಆಸ್ಪತ್ರೆಗೆ ದಾಖಲಾಗುವಾಗ ಜ್ವರ ಇದ್ದದ್ದು ಶೇಕಡಾ 43.8 ಮಂದಿಗೆ ಮಾತ್ರ. ಆಸ್ಪತ್ರೆ ಸೇರುವಷ್ಟು ನರಳಿದವರ ಮಾತು ಇದು. ಗುಡಿಯ ಸಾಲಿನಲ್ಲಿ ನಿಂತವರ ಪೈಕಿ ಎಷ್ಟು ಮಂದಿ ಸಿಕ್ಕಾರು? ಪ್ಯಾರಾಸಿಟಮಾಲ್ ನುಂಗಿದವರ ಹಣೆ ತಣ್ಣಗಿರುತ್ತದೆ, ಬಿಸಿಲಲ್ಲಿ ಗುಡ್ಡ ಹತ್ತಿದವರದು ಸುಮ್ಮನೆ ಬಿಸಿಯಾಗಿರುತ್ತದೆ. ಕೆಲವು ರೋಗಿಗಳನ್ನು ಈ ಪದ್ಧತಿ ಹಿಡಿದಿರಬಹುದು, ಆದರೆ ಅದು ಹಂಚಿದ ಸುಳ್ಳು ಧೈರ್ಯದ ಬೆಲೆ ದೊಡ್ಡದು.

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಗುಡಿ ಆಗಲೇ ತೆರೆದಿದ್ದರೆ ಆ ಬೆಲೆ ಇನ್ನೂ ಹೆಚ್ಚುತ್ತಿತ್ತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಕರ್ನಾಟಕ, ಮಹಾರಾಷ್ಟ್ರದಿಂದ ಲಕ್ಷಗಟ್ಟಲೆ ಜನ ಬರುತ್ತಾರೆ, ಒತ್ತೊತ್ತಾಗಿ ನಿಂತು 'ಉಧೋ ಉಧೋ' ಎಂದು ಗಟ್ಟಿಯಾಗಿ ಕೂಗುತ್ತಾರೆ. ಬಾಯಿಯ ಹನಿಗಳು ಗಾಳಿಗೆ ಸೇರಲು ಅದಕ್ಕಿಂತ ಅನುಕೂಲ ಬೇಕಿಲ್ಲ. 2020ರ ಮಾರ್ಚ್ ನಂತರ ತಿಂಗಳುಗಟ್ಟಲೆ ಗುಡಿ ಮುಚ್ಚಿದ್ದು ಭಕ್ತರಿಗೆ ಕಹಿಯಾಗಿತ್ತು, ಗುಡ್ಡವನ್ನೇ ನೆಚ್ಚಿದ ಕಾಯಿ, ಕುಂಕುಮ, ಭಂಡಾರದ ವ್ಯಾಪಾರಿಗಳಿಗೆ ಇನ್ನೂ ಕಹಿ. ಆದರೂ ವೈರಸ್ಸಿನ ನಡೆಗೆ ಹೊಂದಿದ ಕ್ರಮ ಅದೇ. ಆರ್‌ಟಿಪಿಸಿಆರ್ ಪರೀಕ್ಷೆಯೆಂಬ ಇನ್ನೊಂದು ದಾರಿ ದೇಹದ ಕೂಗಿಗೆ ಕಾಯದೆ ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುತ್ತದೆ, ಆದರೆ ಅದಕ್ಕೆ ಪ್ರಯೋಗಾಲಯ ಬೇಕು, ಗಂಟೆಗಟ್ಟಲೆ ಸಮಯ ಬೇಕು. ಗುಡಿಯ ಬಾಗಿಲಲ್ಲಿ ಆಗುವ ಕೆಲಸವಲ್ಲ.