ಖಾನಾಪುರದ ಅರಣ್ಯವೂ ‘ವೃಕ್ಷವಿಶೇಷ’ವೆಂಬ ಅರ್ಥವೂ

ಕಾವ್ಯಗಳ ಟೀಕೆಗಳಲ್ಲಿ ಮರದ ಹೆಸರು ಬಂದೆಡೆಯಲ್ಲಿ ‘ವೃಕ್ಷವಿಶೇಷ’ ಎಂದು ಬರೆದು ಮುಂದೆ ಸಾಗುವ ಪರಿಪಾಠ ಉಂಟು. ವಿಶೇಷವೇನೆಂಬುದನ್ನು ಹೇಳದೆ ವಿಶೇಷವೆಂದು ಕರೆದರೆ ಅದು ಅರ್ಥವೆನಿಸಲಾರದು. ಮೇಘದೂತದಲ್ಲಿ ಅಲಕೆಯ ಸ್ತ್ರೀಯರು ಲೋಧ್ರಪುಷ್ಪದ ಪರಾಗದಿಂದ ಮುಖಕ್ಕೆ ಬೆಳ್ಪನ್ನು ತಂದುಕೊಳ್ಳುವರೆಂಬುದನ್ನು ಪಾಠ ಹೇಳುವವರೆಲ್ಲರೂ ಬಲ್ಲರು. ಆ ಮರದ ಎಲೆಯಲ್ಲಿ ಅಡಗಿರುವುದೇನೆಂಬುದನ್ನು ಬಲ್ಲವರು ವಿರಳ.

ಈ ಕೊರತೆ ಟೀಕಾಕಾರರದು ಮಾತ್ರವಲ್ಲ. ಬೆಳಗಾವಿ ಸೀಮೆಯ ಸಸ್ಯಗಳನ್ನು ಅರಿಯಲೆಳಸುವವರಿಗೆ ಥಿಯೊಡೋರ್ ಕುಕ್ ಅವರ ಮುಂಬಯಿ ಇಲಾಖೆಯ ಸಸ್ಯಗ್ರಂಥವೂ (1901–1908), ಟಾಲ್ಬಟ್ ಅವರ ಅರಣ್ಯಸಸ್ಯಗ್ರಂಥವೂ (1909–1911) ಇಂದಿಗೂ ಆಧಾರಗಳಾಗಿವೆ. ಎಲೆ, ಹೂ, ಕಾಯಿಗಳ ವರ್ಣನೆಯಲ್ಲಿ ಅವುಗಳ ನಿಖರತೆ ಶ್ಲಾಘ್ಯವಾದುದು. ದೇಶಭಾಷೆಗಳ ಹೆಸರುಗಳನ್ನು ಕೂಡಿಸಿದ ಉಪಕಾರವೂ ಸಣ್ಣದಲ್ಲ. ಕನ್ನಡದ ಮತ್ತಿ ಮರಾಠಿಯಲ್ಲಿ ಐನ, ಹೊನ್ನೆ ಬಿಬಲಾ ಆಗುವ ಖಾನಾಪುರದಂತಹ ಗಡಿನಾಡಿನಲ್ಲಿ ಇದರ ಬೆಲೆ ಹೆಚ್ಚು. ಆದರೆ ಅವುಗಳ ಕಣ್ಣು ರೂಪದ ಮೇಲೆ ನೆಟ್ಟುದು. ಮರವು ಮಣ್ಣಿನಿಂದ ಏನನ್ನು ಆಯ್ದುಕೊಂಡಿತೆಂಬ ಪ್ರಶ್ನೆ ಅವುಗಳ ಹವಣಿನಲ್ಲಿಲ್ಲ.

ಮಣ್ಣು ಒಂದಾದರೆ ಮರಗಳ ಸಾರವೂ ಒಂದೇ ಅಲ್ಲವೆ ಎಂಬ ಆಕ್ಷೇಪ ಸಹಜವಾದುದು. ಸಸ್ಯಗಳು ಖನಿಜಾಂಶಗಳನ್ನು ಮಣ್ಣಿನಿಂದ ಪಡೆಯುವುವೆಂದು ಲೀಬಿಗ್ 1840ರಲ್ಲಿ ಪ್ರತಿಪಾದಿಸಿದನು, ಅದು ದಿಟ. ಪಶ್ಚಿಮ ಖಾನಾಪುರದ ಮಳೆ ಜಂಬಿಟ್ಟಿಗೆ ನೆಲದ ಸುಣ್ಣವನ್ನು ತೊಳೆದೊಯ್ಯುತ್ತದೆ. ಉಳಿದ ಕಬ್ಬಿಣ, ಅಲ್ಯುಮಿನಿಯಂಗಳು ರಂಜಕವನ್ನು ಕಟ್ಟಿಹಾಕುತ್ತವೆ. ಆದರೂ ಆ ಬಡನೆಲದಲ್ಲಿ ಒಂದೊಂದು ಕುಲದ ಬಾಳು ಒಂದೊಂದು ಬಗೆ. ಮತ್ತಿ ಸುಣ್ಣವನ್ನು ಕೂಡಿಡುತ್ತದೆ. ಅದರ ತೊಗಟೆಯ ಬೂದಿಯನ್ನು ಎಲೆಯಡಿಕೆಗೆ ಸುಣ್ಣವಾಗಿ ಬಳಸಿದ್ದುಂಟು. ಬಿದಿರು ಸಿಲಿಕವನ್ನು ಸೇರಿಸುತ್ತದೆ. ವೈದ್ಯರ ವಂಶಲೋಚನ ಅದರ ಗೆಣ್ಣುಗಳ ನಡುವೆ ಗಟ್ಟಿಯಾದ ಸಿಲಿಕವೇ. ಬೀಟೆ, ಹೊನ್ನೆಗಳು ಬೇರಿನ ಅಣುಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಪಡೆಯುತ್ತವೆ. ಲೋಧ್ರದ ಕುಲವಾದರೋ ಇತರ ಗಿಡಗಳಿಗೆ ವಿಷಪ್ರಾಯವಾದ ಅಲ್ಯುಮಿನಿಯಂ ಅನ್ನು ಎಲೆಗಳಲ್ಲಿ ತುಂಬಿಕೊಳ್ಳುತ್ತದೆ. ಒಣಗಿದ ಎಲೆಯ ಕಿಲೋಗ್ರಾಮಿಗೆ 1 ಗ್ರಾಮಿಗಿಂತ ಹೆಚ್ಚು ಅಲ್ಯುಮಿನಿಯಂ ಇರುವ ಸಸ್ಯಗಳನ್ನು ಸಂಚಯಕಗಳೆಂದು ಎಣಿಸುವರು. ಈ ಕುಲದಲ್ಲಿ ಅದು ಹಲವು ಮಡಿ ಮೀರುವುದುಂಟು. ಬಣ್ಣಗಾರರು ಪಟಿಕಕ್ಕೆ ಬದಲಾಗಿ ಲೋಧ್ರವನ್ನು ಬಳಸಿದುದು ಇದರಿಂದಲೇ. ಅಂಬೋನ್ ದ್ವೀಪದ ಸಸ್ಯಗಳನ್ನು ಬಣ್ಣಿಸಿದ ರಂಫಿಯಸ್, 1741–1750ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಇದೇ ಕುಲದ ಮರವನ್ನು ‘ಪಟಿಕದ ಮರ’ವೆಂದೇ ಕರೆದನು. ರಸಾಯನಶಾಸ್ತ್ರ ಹೇಳುವ ಮೊದಲೇ ಕಸುಬು ಇದನ್ನು ಅರಿತಿತ್ತು.

ಹೀಗೆಂದು ಅಂಕಿಗಳನ್ನು ಕುರುಡಾಗಿ ನಂಬತಕ್ಕದ್ದಲ್ಲ. ಎಲೆ ಉದುರುವ ಮುನ್ನ ಮರವು ಸಾರಜನಕ, ರಂಜಕ, ಪೊಟಾಸಿಯಂಗಳ ಬಹುಭಾಗವನ್ನು ಹಿಂದಕ್ಕೆಳೆದುಕೊಳ್ಳುತ್ತದೆ. ಸುಣ್ಣದಂಶ ಎಲೆಯಲ್ಲಿಯೇ ನಿಲ್ಲುತ್ತದೆ. ಚಿಗುರನ್ನೂ ತರಗೆಲೆಯನ್ನೂ ಹೋಲಿಸಿದವರು ಕುಲಭೇದವನ್ನಲ್ಲ, ವಯೋಭೇದವನ್ನು ಅಳೆದಂತಾಗುವುದು. ಸುಟ್ಟ ಬೂದಿಯನ್ನಷ್ಟೇ ತೂಗಿದರೆ ಸಾರಜನಕ ಹೊಗೆಯೊಡನೆ ಹೋಗಿರುತ್ತದೆ. ಆದುದರಿಂದ ಒಂದೇ ನೆಲ, ಒಂದೇ ಋತು, ಒಂದೇ ವಯಸ್ಸಿನ ಎಲೆ ಎಂಬ ನಿಯಮವಿಲ್ಲದ ಹೋಲಿಕೆ ಗ್ರಾಹ್ಯವಲ್ಲ.

2011ರಲ್ಲಿ ಖಾನಾಪುರದ ಭೀಮಗಡವು ವನ್ಯಜೀವಿಧಾಮವೆಂದು ಘೋಷಿತವಾಯಿತು. ಕಾಡನ್ನು ಉಳಿಸುವುದೆಂದರೆ ಹಸುರಿನ ವಿಸ್ತಾರವನ್ನು ಉಳಿಸುವುದಷ್ಟೇ ಅಲ್ಲ. ಮತ್ತಿ ಹೋದೆಡೆ ಬೇರೊಂದು ಮರ ನಿಂತರೆ ಹಸುರು ಉಳಿದೀತು. ಮತ್ತಿಯ ತರಗೆಲೆ ನೆಲಕ್ಕೆ ಮರಳಿಸುತ್ತಿದ್ದ ಸುಣ್ಣ ಉಳಿಯುವ ಭರವಸೆಯಿಲ್ಲ. ಪದಕ್ಕೂ ಇದೇ ನ್ಯಾಯ. ಟೀಕೆಯಲ್ಲಿ ಲೋಧ್ರವು ‘ವೃಕ್ಷವಿಶೇಷ’ವಾಗಿಯೇ ಉಳಿದರೆ, ಅದನ್ನು ಅರಿತಿದ್ದ ಬಣ್ಣಗಾರನ ತಿಳಿವು ನಿಘಂಟಿನಿಂದ ಜಾರಿಹೋಗುತ್ತದೆ. ವಿಶೇಷವನ್ನು ಹೇಳುವ ಟೀಕೆಯೇ ಟೀಕೆ.