‘ಮರದ ರಾಜಕುಮಾರ’: ಬೂಲೇಜನ ಎರಡು ಧ್ವನಿಮುದ್ರಣಗಳು

ಹಂಗೇರಿಯ ಬೇಲಾ ಬಾರ್ಟೋಕನು ರಚಿಸಿದ ರಂಗಕೃತಿಗಳು ಮೂರು. ಅವುಗಳಲ್ಲಿ ನೀಲಿಗಡ್ಡದ ದೊರೆಯನ್ನು ಕುರಿತ ಗೀತನಾಟಕಕ್ಕೂ ‘ಅದ್ಭುತ ಮ್ಯಾಂಡರಿನ್’ ಎಂಬ ಮೂಕನಾಟಕಕ್ಕೂ ದೊರೆತ ಪ್ರಸಿದ್ಧಿ ‘ಮರದ ರಾಜಕುಮಾರ’ ಎಂಬ ನೃತ್ಯನಾಟಕಕ್ಕೆ ದೊರೆಯಲಿಲ್ಲ. ಬೇಲಾ ಬಲಾಜನ ಕಥಾವಸ್ತುವನ್ನು ಆಧರಿಸಿದ ಈ ಕೃತಿಯು 1917ರ ಮೇ 12ರಂದು ಬುಡಾಪೆಸ್ಟಿನಲ್ಲಿ ಮೊದಲು ರಂಗವನ್ನೇರಿತು. ಫ್ರಾನ್ಸಿನ ವೃಂದನಾಯಕ ಪಿಯೆರ್ ಬೂಲೇಜನು (1925–2016) ಇದನ್ನು ಎರಡು ಬಾರಿ ಧ್ವನಿಮುದ್ರಿಸಿದನು: 1975ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವೃಂದದೊಡನೆ, 1991ರಲ್ಲಿ ಷಿಕಾಗೋ ಸಿಂಫನಿ ವೃಂದದೊಡನೆ. ಎರಡನೆಯದು 1994ರಲ್ಲಿ ಅತ್ಯುತ್ತಮ ಶಾಸ್ತ್ರೀಯ ಮುದ್ರಿಕೆಯೆಂದು ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು. ಆದಕಾರಣ ಮೊದಲನೆಯದನ್ನು ಪೂರ್ವಸಿದ್ಧತೆಯೆಂದು ಮಾತ್ರ ಎಣಿಸುವುದು ಯುಕ್ತವೇ ಎಂಬುದು ಇಲ್ಲಿಯ ವಿಚಾರ.

ಕಥೆ ಸರಳವಾದುದು. ರಾಜಕುಮಾರಿಯ ಮನವನ್ನು ಸೆಳೆಯಲು ರಾಜಕುಮಾರನು ತನ್ನ ಕೋಲಿಗೆ ನಿಲುವಂಗಿಯನ್ನು ತೊಡಿಸಿ, ಕಿರೀಟವಿಟ್ಟು, ಕಡೆಗೆ ತನ್ನ ಹೊಂಗೂದಲನ್ನೇ ಕತ್ತರಿಸಿ ಮುಡಿಸುತ್ತಾನೆ. ಅವಳು ಒಲಿಯುವುದು ಗೊಂಬೆಗೆ, ಮಾಡಿದವನಿಗಲ್ಲ. ವನದೇವತೆಯು ಗೊಂಬೆಗೆ ಚಲನೆಯನ್ನೀಯುತ್ತಾಳೆ. ರಂಗದ ಮೇಲೆ ಗೊಂಬೆಗೂ ಮನುಷ್ಯನಿಗೂ ಇರುವ ಭೇದವನ್ನು ಕಣ್ಣೇ ತಿಳಿಸುತ್ತದೆ. ಮುದ್ರಿಕೆಯನ್ನು ಕೇಳುವವನಿಗಾದರೋ ನಾದಗುಣವೊಂದೇ ಆಧಾರ. ಬಾರ್ಟೋಕನು ಇದಕ್ಕಾಗಿಯೇ ಗೊಂಬೆಯ ನೃತ್ಯದಲ್ಲಿ ಕಾಷ್ಠತರಂಗದ ಒಣ ಪೆಟ್ಟುಗಳನ್ನೂ, ತಂತಿಯನ್ನು ಕಮಾನಿನ ಮರದಿಂದ ಹೊಡೆಯುವ ಶಬ್ದವನ್ನೂ ಯೋಜಿಸಿದ್ದಾನೆ.

ಷಿಕಾಗೋ ಮುದ್ರಣದ ಹಿರಿಮೆ ನಿರ್ವಿವಾದವಾದುದು. ಆರಂಭದಲ್ಲಿ ದೀರ್ಘಕಾಲ ನಿಲ್ಲುವ ಮಂದ್ರಸ್ವರದ ಮೇಲೆ ಪ್ರಕೃತಿಯು ಮೆಲ್ಲಮೆಲ್ಲನೆ ಎಚ್ಚರಗೊಳ್ಳುವ ಭಾಗದಲ್ಲಿಯೂ, ವನದೇವತೆಯು ರಾಜಕುಮಾರನನ್ನು ಸಂತೈಸುವ ಭಾಗದಲ್ಲಿಯೂ ಅದರ ಶ್ರುತಿಶುದ್ಧಿ, ಸಮತೂಕ ಅಪೂರ್ವವಾಗಿವೆ. ಆದರೆ ಅದೇ ನಯವು ಗೊಂಬೆಯ ನೃತ್ಯವನ್ನೂ ಆವರಿಸಿದೆ. ಅಲ್ಲಿ ಕೇಳಿಬರುವುದು ಸಮರ್ಥ ವಾದನ, ಮರವಲ್ಲ. ನ್ಯೂಯಾರ್ಕ್ ಮುದ್ರಣದಲ್ಲಿ ವಾದ್ಯಗಳ ಅಂಚು ಹರಿತವಾಗಿದೆ, ನಾದ ಕೊಂಚ ಒರಟಾಗಿದೆ. ಗೊಂಬೆಯ ಕೀಲುಗಳು ಸಡಿಲಗೊಳ್ಳುವುದು ಅಲ್ಲಿ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಈ ವಿಕಾರವು ಕೇಳಿಬಂದಾಗ ಮಾತ್ರ ರಾಜಕುಮಾರಿಯ ಭ್ರಮೆಯೂ, ತಿರಸ್ಕೃತನಾದ ರಾಜಕುಮಾರನ ಶೋಕವೂ ಅರ್ಥಪೂರ್ಣವಾಗುತ್ತವೆ.

ಔಚಿತ್ಯವನ್ನು ಬಿಟ್ಟ ಸೌಂದರ್ಯವು ದೋಷವೆಂದು ನಮ್ಮ ಅಲಂಕಾರಿಕರು ಸಾರಿದ್ದಾರೆ. ಈ ಮಾತು ವಾದ್ಯಸಂಗೀತಕ್ಕೂ ಸಲ್ಲುತ್ತದೆ. ಕೃತಿಯನ್ನು ಸ್ವರಚಿತ್ರವೆಂದು ಸವಿಯುವವರಿಗೆ 1991ರ ಮುದ್ರಣವೇ ಶ್ರೇಷ್ಠ. ನಾಟಕವೆಂದು ಅರಿಯಬೇಕೆನ್ನುವವರು 1975ರದನ್ನು ಕೈಬಿಡಲಾಗದು. ಬಾರ್ಟೋಕನು ಬರೆದುದು ನೃತ್ಯನಾಟಕವಾದ್ದರಿಂದ, ಪ್ರಶಸ್ತಿ ಪಡೆಯದ ಮುದ್ರಣವೇ ಕೃತಿಯ ತಿರುಳಿಗೆ ಹೆಚ್ಚು ಸಮೀಪವಾದುದೆಂದು ಹೇಳಬೇಕಾಗುತ್ತದೆ.