ಕೀಲಿಯ ಒತ್ತು ಮತ್ತು ಅಕ್ಷರದ ಹುಟ್ಟು: ಗಣಕದ ‘ಕೇಳುಗ’ ಪರಿಕಲ್ಪನೆಯ ವಿಮರ್ಶೆ

ಜಾನಪದ ಅಧ್ಯಯನದಲ್ಲಿ ಕೇಳುಗನ ಸ್ಥಾನ ಸಾಮಾನ್ಯವಾದುದಲ್ಲ. ಎದುರಿಗೆ ಕುಳಿತು ‘ಹೂಂ’ಗುಟ್ಟುವವನಿಲ್ಲದಿದ್ದರೆ ಕತೆ ಮುಂದೆ ಸಾಗದೆಂಬುದು ನಮ್ಮ ಹಳ್ಳಿಗಳ ರೂಢಿಯ ತಿಳಿವಳಿಕೆ. ಹೂಂಗುಟ್ಟುವವನು ಬಾಯಿಂದ ಹೊರಟ ಪ್ರತಿಯೊಂದು ಧ್ವನಿಗೂ ಹೂಂಗುಟ್ಟುವುದಿಲ್ಲ. ಮಾತೊಂದು ಮುಗಿದು ಅರ್ಥ ನೆಲೆಗೊಂಡಲ್ಲಿ ಹೂಂಗುಟ್ಟುತ್ತಾನೆ. ಎಲ್ಲಿ ಓಗೊಡಬೇಕೆಂಬ ವಿವೇಕವೇ ಅವನ ಕೇಳುವಿಕೆಯ ತಿರುಳು. ತಂತ್ರಾಂಶ ರಚನಾಕಾರರು ಬಳಕೆದಾರನ ಕ್ರಿಯೆಗಳನ್ನು ಗ್ರಹಿಸುವ ಘಟಕಕ್ಕೆ ‘ಲಿಸನರ್’, ಅಂದರೆ ಕೇಳುಗ, ಎಂದೇ ಹೆಸರಿಟ್ಟಿದ್ದಾರೆ. ಈ ಯಾಂತ್ರಿಕ ಕೇಳುಗ ಕೇಳುವುದಾದರೂ ಏನನ್ನು? ಕನ್ನಡದ ಮೌಖಿಕ ಪಠ್ಯಗಳು ಗಣಕಕ್ಕೆ ಸೇರುತ್ತಿರುವ ಸಂದರ್ಭದಲ್ಲಿ ಇದು ಕೇವಲ ತಾಂತ್ರಿಕ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಆರಂಭಕಾಲದ ತಂತ್ರಾಂಶಗಳಲ್ಲಿ ಗಣಕವೇ ಪ್ರಶ್ನೆ ಕೇಳುತ್ತಿತ್ತು. ಬಳಕೆದಾರ ಅದೇ ಅನುಕ್ರಮದಲ್ಲಿ ಉತ್ತರಿಸಬೇಕಿತ್ತು. ಕಿಟಕಿ, ಗುಂಡಿ, ಮೌಸ್‌ಗಳುಳ್ಳ ಚಿತ್ರಾತ್ಮಕ ಪರದೆ ಬಂದೊಡನೆ ಈ ಸಂಬಂಧ ತಲೆಕೆಳಗಾಯಿತು. 1984ರ ಮ್ಯಾಕಿಂಟೋಷ್ ಮತ್ತು 1985ರ ವಿಂಡೋಸ್ ವ್ಯವಸ್ಥೆಗಳಲ್ಲಿ ತಂತ್ರಾಂಶ ಕಾದು ಕುಳಿತಿರುತ್ತದೆ. ಬಳಕೆದಾರನ ಪ್ರತಿಯೊಂದು ಕ್ರಿಯೆಯೂ ‘ಈವೆಂಟ್’ ಎನಿಸಿಕೊಳ್ಳುವ ಘಟನೆಯಾಗಿ ಸರದಿಯ ಸಾಲಿಗೆ ಸೇರುತ್ತದೆ. ತಂತ್ರಾಂಶ ಅವನ್ನು ಒಂದೊಂದಾಗಿ ಎತ್ತಿಕೊಂಡು ಪ್ರತಿಕ್ರಿಯಿಸುತ್ತದೆ.

ಈ ವ್ಯವಸ್ಥೆ ಬೆಳೆದ ಬಗೆಯನ್ನು ಜಾವಾ ಭಾಷೆಯ ಮೂರು ಹಂತಗಳಲ್ಲಿ ಸ್ಪಷ್ಟವಾಗಿ ಗುರುತಿಸಬಹುದು. 1996ರ ಮೊದಲ ಆವೃತ್ತಿಯಲ್ಲಿ ಪರದೆಯ ಪ್ರತಿಯೊಂದು ಘಟಕವೂ ತನಗೊದಗಿದ ಘಟನೆಗಳನ್ನು ತಾನೇ ನಿರ್ವಹಿಸಬೇಕಿತ್ತು, ಇಲ್ಲವೇ ತನ್ನನ್ನು ಒಳಗೊಂಡ ಘಟಕಕ್ಕೆ ದಾಟಿಸಬೇಕಿತ್ತು. 1997ರ 1.1 ಆವೃತ್ತಿ ಈ ಹೊಣೆಯನ್ನು ಪ್ರತ್ಯೇಕ ಕೇಳುಗರಿಗೆ ವಹಿಸಿಕೊಟ್ಟಿತು. ಕೀಲಿಮಣೆಯ ಕೇಳುಗನಿಗೆ ಕೀಲಿ ಒತ್ತಿದ್ದು, ಅಕ್ಷರ ಮೂಡಿದ್ದು, ಕೀಲಿ ಬಿಟ್ಟಿದ್ದು ಎಂಬ ಮೂರು ಬಗೆಯ ಸುದ್ದಿ ತಲುಪುತ್ತದೆ. ಒತ್ತುವುದೇ ಬೇರೆ, ಮೂಡುವುದೇ ಬೇರೆ ಎಂಬ ತಿಳಿವು ಇಲ್ಲಿಯೇ ಇದೆ ಎಂಬುದು ಗಮನಾರ್ಹ. ಆದರೆ ‘ಮೂಡಿದ್ದು’ ಎಂಬ ಸುದ್ದಿ ಹೊತ್ತು ತರುವುದು ಒಂದೇ ಒಂದು ಸಂಕೇತವನ್ನು. ಇಂಗ್ಲಿಷಿಗೆ ಒಪ್ಪುವ ಈ ಅಳತೆ ಎಲ್ಲ ಭಾಷೆಗಳಿಗೂ ಒಪ್ಪುವುದಿಲ್ಲ. 1998ರ 1.2 ಆವೃತ್ತಿಯಲ್ಲಿ ಇನ್‌ಪುಟ್ ಮೆಥಡ್ ಕೇಳುಗ ಸೇರ್ಪಡೆಯಾದದ್ದು ಈ ಕೊರತೆಯನ್ನು ತುಂಬಲೆಂದೇ. ಇನ್ನೂ ರೂಪುಗೊಳ್ಳುತ್ತಿರುವ ಪಠ್ಯ ಯಾವುದು, ನೆಲೆಗೊಂಡ ಪಠ್ಯ ಯಾವುದು ಎಂಬ ಭೇದವನ್ನು ಅದು ತಿಳಿಸಬಲ್ಲದು. ಹೂಂಗುಟ್ಟುವವನ ವಿವೇಕ ಯಂತ್ರಕ್ಕೆ ದಕ್ಕತೊಡಗಿದ್ದು ಈ ಹಂತದಲ್ಲಿ ಎನ್ನಬಹುದು.

ಕನ್ನಡದ ದೃಷ್ಟಿಯಿಂದ ಈ ಭೇದ ಮೂಲಭೂತವಾದುದು. ‘ಸ್ತ್ರೀ’ ಎಂಬುದು ಓದುಗನಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಸ, ಹಲಂತ ಚಿಹ್ನೆ, ತ, ಹಲಂತ ಚಿಹ್ನೆ, ರ ಮತ್ತು ಈ-ಸ್ವರಚಿಹ್ನೆ ಎಂಬ 6 ಸಂಕೇತಗಳ ಸರಣಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಹಲಂತಕ್ಕೆ ಪ್ರತ್ಯೇಕ ಕೀಲಿಯೇ ಇದೆ. ‘ಬರಹ’ದಂತಹ ತಂತ್ರಾಂಶಗಳ ಲಿಪ್ಯಂತರ ವಿಧಾನದಲ್ಲಾದರೋ ಮೊದಲ ಕೀಲಿಗೆ ‘ಕ್’ ಮೂಡಿ, ಮುಂದಿನ ಕೀಲಿಗೆ ಅದು ‘ಕ’ ಆಗಿ ಮಾರ್ಪಡುತ್ತದೆ. ಹೀಗೆ ಕನ್ನಡದ ಬರವಣಿಗೆಯಲ್ಲಿ ಹೊಸ ಕೀಲಿಯ ಒತ್ತು ಹಿಂದಿನ ಅಕ್ಷರದ ರೂಪವನ್ನೇ ತಿದ್ದುತ್ತದೆ. ಒಂದು ಒತ್ತಿಗೆ ಒಂದು ಅಕ್ಷರವೆಂಬ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ಲೆಕ್ಕ ತಪ್ಪಿದಾಗ ಆಗುವ ಹಾನಿಯನ್ನು ಒಂದು ನಿದರ್ಶನದಿಂದ ಮನಗಾಣಬಹುದು. ಪದವೊಂದನ್ನು ತುಂಬುವ ಪೆಟ್ಟಿಗೆಯಲ್ಲಿ ಅಂಕಿ, ಲೇಖನ ಚಿಹ್ನೆಗಳು ನುಸುಳದಿರಲೆಂದು, ಮೂಡಿದ ಸಂಕೇತ ‘ಅಕ್ಷರ’ವಲ್ಲದಿದ್ದರೆ ಅದನ್ನು ನುಂಗಿಬಿಡುವಂತೆ ಕೀಲಿಮಣೆಯ ಕೇಳುಗನಿಗೆ ಸೂಚಿಸುವ ಪದ್ಧತಿಯುಂಟು. ಈ ಪರೀಕ್ಷೆಗೆ ಜಾವಾದಲ್ಲಿ ‘ಈಸ್‌ಲೆಟರ್’ ಎಂಬ ಸಿದ್ಧ ಸಾಧನವಿದೆ. ಆದರೆ ಯೂನಿಕೋಡ್ ಕನ್ನಡದ ಹಲಂತವನ್ನೂ ಸ್ವರಚಿಹ್ನೆಗಳನ್ನೂ ಅಕ್ಷರಗಳ ವರ್ಗದಲ್ಲಿರಿಸದೆ ಚಿಹ್ನೆಗಳ ವರ್ಗದಲ್ಲಿರಿಸಿದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಿಂದ ಇಂತಹ ಪೆಟ್ಟಿಗೆಯಲ್ಲಿ ‘ದೇವಿ’ ಎಂದು ಬರೆದರೆ ಉಳಿಯುವುದು ‘ದವ’. ‘ಕರ್ಮ’ ಎಂದು ಬರೆದರೆ ಉಳಿಯುವುದು ‘ಕರಮ’.

‘ದವ’ ಎಂಬುದು ಕಣ್ಣಿಗೆ ಹೊಡೆಯುವ ತಪ್ಪು. ಕರಡು ತಿದ್ದುವವರು ಅದನ್ನು ಸರಿಪಡಿಸುತ್ತಾರೆ. ‘ಕರಮ’ ಅಂತಹುದಲ್ಲ. ಸಂಯುಕ್ತಾಕ್ಷರದ ನಡುವೆ ಸ್ವರವೊಂದು ಸೇರಿ ‘ಕರ್ಮ’ವು ‘ಕರುಮ’ವಾಗುವುದು, ‘ಭಕ್ತಿ’ಯು ‘ಬಕುತಿ’ಯಾಗುವುದು ಜನಪದ ಹಾಡುಗಾರಿಕೆಯ ಸಹಜ ಲಕ್ಷಣ, ವಿದ್ವಾಂಸರು ಇದನ್ನು ಸ್ವರಭಕ್ತಿ ಎನ್ನುತ್ತಾರೆ. ಯಂತ್ರ ನುಂಗಿದ ಹಲಂತವೂ ಹಾಡುಗಾರ ಸೇರಿಸಿದ ಸ್ವರವೂ ಬರಹದಲ್ಲಿ ಒಂದೇ ತೆರನಾಗಿ ಕಾಣಬಲ್ಲವು. ಮೂಲ ಧ್ವನಿಮುದ್ರಣವನ್ನು ಕೇಳುವ ಅವಕಾಶವಿಲ್ಲದ ಮುಂದಿನ ಸಂಶೋಧಕ ‘ಕರಮ’ವನ್ನು ಪ್ರಾದೇಶಿಕ ಉಚ್ಚಾರಣೆಯ ಆಧಾರವೆಂದೇ ಸ್ವೀಕರಿಸಬಹುದು, ಸಂಪಾದಕನೊಬ್ಬ ಹಾಡುಗಾರನ ನಿಜವಾದ ರೂಪವನ್ನೇ ಗಣಕದ ದೋಷವೆಂದು ತಿದ್ದಿಬಿಡಲೂಬಹುದು. ಎರಡೂ ಬಗೆಯಿಂದ ಪಠ್ಯದ ಪ್ರಾಮಾಣ್ಯಕ್ಕೆ ಧಕ್ಕೆ ತಪ್ಪಿದ್ದಲ್ಲ.

ಇಲ್ಲಿರುವ ದೋಷಗಳು ಎರಡು. ಮೊದಲನೆಯದು ಅಕ್ಷರದ ಕಲ್ಪನೆಯಲ್ಲಿದೆ: ಬಿಡಿ ಸಂಕೇತವನ್ನೇ ಅಕ್ಷರವೆಂದು ಬಗೆದು ಗುಣಿತ, ಒತ್ತಕ್ಷರಗಳನ್ನು ಲೆಕ್ಕದಿಂದ ಹೊರಗಿಟ್ಟಿರುವುದು. ಎರಡನೆಯದು ಕೇಳುವ ಸ್ಥಳದಲ್ಲಿದೆ. ಪಠ್ಯ ಕೀಲಿಮಣೆಯಿಂದಲೇ ಬರಬೇಕೆಂದಿಲ್ಲ. ಮೌಸ್ ಬಳಸಿ ಬೇರೆಡೆಯಿಂದ ತಂದು ಅಂಟಿಸಿದ ಪಠ್ಯ ಕೀಲಿಯ ಕೇಳುಗನ ಕಿವಿಗೆ ಬೀಳುವುದೇ ಇಲ್ಲ. ಜಾವಾದ ಸ್ವಿಂಗ್ ಘಟಕಗಳಲ್ಲಿ ಪಠ್ಯದ ಬದಲಾವಣೆಯನ್ನೇ ಆಲಿಸುವ ‘ಡಾಕ್ಯುಮೆಂಟ್ ಲಿಸನರ್’ ಇದೆ. ಬದಲಾವಣೆಯನ್ನು ಮೊದಲೇ ಪರಿಶೀಲಿಸುವ ‘ಡಾಕ್ಯುಮೆಂಟ್ ಫಿಲ್ಟರ್’ 2002ರ 1.4 ಆವೃತ್ತಿಯಲ್ಲಿ ಸೇರಿತು. ಕೇಳುವ ಸ್ಥಳವನ್ನು ಬದಲಿಸಿ ಅಕ್ಷರದ ಹಳೆಯ ಕಲ್ಪನೆಯನ್ನೇ ಉಳಿಸಿಕೊಂಡರೆ ಹಲಂತ ಅಲ್ಲಿಯೂ ಉಳಿಯದು. ಎರಡನ್ನೂ ಒಟ್ಟಿಗೆ ತಿದ್ದುವುದು ಅಗತ್ಯ.

ಕೀಲಿಯ ಕೇಳುಗ ನಿರರ್ಥಕವೆಂದು ಇದರ ಅರ್ಥವಲ್ಲ. ಬಾಣದ ಕೀಲಿಯಿಂದ ಚಲಿಸುವುದು, ಕೀಲಿಗಳ ಜೋಡಿಯಿಂದ ಆಜ್ಞೆ ನೀಡುವುದು, ಆಟಗಳನ್ನು ನಡೆಸುವುದು ಮುಂತಾದವುಗಳಿಗೆ ಅವನೇ ತಕ್ಕವನು. ಅಲ್ಲಿ ಒತ್ತೇ ಅರ್ಥ. ಪಠ್ಯದ ವಿಷಯದಲ್ಲಿ ಮಾತ್ರ ಒತ್ತು ಅರ್ಥದ ಕಡೆಗಿನ ಒಂದು ಹೆಜ್ಜೆಯಷ್ಟೇ. ಆದ್ದರಿಂದ ಜಾನಪದ ಸಂಗ್ರಹಗಳಿಗಾಗಿ ತಂತ್ರಾಂಶ ಸಿದ್ಧಪಡಿಸುವಾಗ ಕ್ಷೇತ್ರಕಾರ್ಯ ಬಲ್ಲವರು ಅದನ್ನು ‘ಕರ್ಮ’, ‘ಕರುಮ’, ‘ಕರಮ’ಗಳಂತಹ ಪದಗಳಿಂದ ಪರೀಕ್ಷಿಸಿ ನೋಡಬೇಕು, ಮೂರೂ ಬರೆದಂತೆಯೇ ಉಳಿದ ಮೇಲೆಯೇ ಅದಕ್ಕೆ ಹಾಡುಗಾರರ ಮಾತನ್ನು ಒಪ್ಪಿಸಬೇಕು. ಕತೆ ಮುಗಿಯುವ ಮುನ್ನ ಹೂಂಗುಟ್ಟುವ ಆತುರ ಒಳ್ಳೆಯ ಕೇಳುಗನ ಲಕ್ಷಣವಲ್ಲ. ಅದು ಗಣಕಕ್ಕೂ ಸಲ್ಲುವ ಮಾತು.